ಜೀವವಿಜ್ಞಾನಕ್ಕೆ ಬೆಂಗಳೂರೇ ಏಕೆ?

ಬೆಂಗಳೂರಿನಿಂದ ಹೊಸೂರಿನತ್ತ ಸಾಗುವ ಹೆದ್ದಾರಿಯ ಬದಿಯಲ್ಲಿದೆ ಬೊಮ್ಮಸಂದ್ರ. ಹೊರನೋಟಕ್ಕೆ ಅದೊಂದು ಸಾಮಾನ್ಯ ಕೈಗಾರಿಕಾ ಪ್ರದೇಶ. ಆದರೆ ಬೃಹದಾಕಾರದ ಉಕ್ಕಿನ ತೊಟ್ಟಿಗಳೊಳಗೆ ಅಲ್ಲಿ ನಡೆದಿರುವ ಕಾರ್ಯ ಸೃಷ್ಟಿಯ ರಹಸ್ಯಕ್ಕೇ ಕೈಯಿಟ್ಟಂಥದ್ದು. ಮನುಷ್ಯನ ದೇಹದಲ್ಲಿ ಇನ್ಸುಲಿನ್ ತಯಾರಿಸುವ ವಂಶವಾಹಿಯ ಸೂತ್ರವನ್ನು ಕಣ್ಣಿಗೆ ಕಾಣದ ಯೀಸ್ಟ್ ಜೀವಕೋಶಕ್ಕೆ ಅಳವಡಿಸುತ್ತಾರೆ. ಹದವಾದ ಶಾಖ, ಗಾಳಿ, ಪೋಷಕಾಂಶ ಉಣಿಸಿದರೆ ಆ ಏಕಕೋಶ ಜೀವಿ ಕೋಟಿಕೋಟಿಯಾಗಿ ವೃದ್ಧಿಸುತ್ತಾ ಇನ್ಸುಲಿನ್ನಿನ ಮೂಲದ್ರವ್ಯವನ್ನು ಸ್ರವಿಸುತ್ತದೆ. ಅದನ್ನು ಹಂತಹಂತವಾಗಿ ಶುದ್ಧೀಕರಿಸಿ ಮಧುಮೇಹಿಗಳ ಪಾಲಿನ ಸಂಜೀವಿನಿಯನ್ನಾಗಿ ರೂಪಿಸಲಾಗುತ್ತದೆ. ಪಿಕಿಯಾ ಎಂಬ ಯೀಸ್ಟಿನಿಂದ ಹೀಗೆ ಮಾನವ ಇನ್ಸುಲಿನ್ ಪಡೆದು ಬಯೋಕಾನ್ ಸಂಸ್ಥೆ ಭಾರತದ ಮಾರುಕಟ್ಟೆಗೆ ತಂದದ್ದು 2004ರಲ್ಲಿ.

ಅದೇ ಬೊಮ್ಮಸಂದ್ರದಲ್ಲಿ ಹೃದಯ ಚಿಕಿತ್ಸೆಗೆ ಹೆಸರಾದ ನಾರಾಯಣ ಹೆಲ್ತ್‌ನ ಆಸ್ಪತ್ರೆ ಸಮುಚ್ಚಯವಿದೆ. ಅಲ್ಲಿಂದ ನಗರದತ್ತ ಬಂದರೆ ದೇಶದ ಸಾಫ್ಟ್‌ವೇರ್ ಕೀರ್ತಿಯ ಎಲೆಕ್ಟ್ರಾನಿಕ್ ಸಿಟಿ. ಇನ್ನೂ ಮುಂದೆ ಬಂದರೆ ನರರೋಗ ಮತ್ತು ಮನೋರೋಗ ಚಿಕಿತ್ಸೆಯ ಮಹಾಸಂಸ್ಥೆ ನಿಮ್ಹಾನ್ಸ್, ಅದರ ಸನಿಹದಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ನಗರದ ಉತ್ತರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ. ಅದರಾಚೆ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿದರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅದರ ಆವರಣದಲ್ಲೇ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರ. ಅಲ್ಲೇ ಸಮೀಪದ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಔಷಧ ತಯಾರಿಕೆ, ಶಸ್ತ್ರಚಿಕಿತ್ಸೆ, ಗಣಕಶಾಸ್ತ್ರ, ಮೂಲವಿಜ್ಞಾನ, ಕೃಷಿ — ಜೀವವಿಜ್ಞಾನೋದ್ಯಮಕ್ಕೆ ಬೇಕಾದ ಈ ಐದೂ ಶಕ್ತಿಗಳು ಒಂದೇ ನಗರದ ಎರಡು ರಸ್ತೆಗಳ ಆಸುಪಾಸಿನಲ್ಲಿ ಹೀಗೆ ನೆಲೆಸಿರುವುದು ಅಪೂರ್ವ ಸಂಗಮ. ದೇಶವಿದೇಶದ ಸಂಸ್ಥೆಗಳು ಬೆಂಗಳೂರನ್ನು ಅರಸಿ ಬರುವುದರ ಗುಟ್ಟು ಈ ಸಂಗಮದಲ್ಲಿದೆ. ಈ ಸಂಗಮವಾದರೋ ಒಂದು ದಶಕದ ಸಾಧನೆಯಲ್ಲ; ಶತಮಾನಕ್ಕೂ ಮಿಕ್ಕಿದ ದೂರದೃಷ್ಟಿಯ ಫಲ.

ಅರಮನೆ ಕೊಟ್ಟ ನೆಲ

ಉನ್ನತ ವಿಜ್ಞಾನದ ವಿದ್ಯಾಪೀಠವೊಂದು ಭಾರತಕ್ಕೆ ಬೇಕೆಂಬ ಕನಸು ಕಂಡವರು ಜಮ್‌ಷೆಟ್‌ಜಿ ಟಾಟಾ. ಅದಕ್ಕೆ ತಕ್ಕ ಸ್ಥಳ ಸೂಚಿಸಲು ಬಂದ ಪ್ರಖ್ಯಾತ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ಒಲವು ತೋರಿದ್ದು ಬೆಂಗಳೂರಿನತ್ತ. ಮೈಸೂರು ಸಂಸ್ಥಾನ ಆ ಅವಕಾಶವನ್ನು ಎರಡೂ ಕೈಯಿಂದ ಬರಮಾಡಿಕೊಂಡಿತು. ಅರಮನೆ ಉದಾರವಾಗಿ ನೀಡಿದ 371 ಎಕರೆ ಭೂಮಿಯಲ್ಲಿ, 1909ರಲ್ಲಿ ಸ್ಥಾಪನೆಯ ಆದೇಶ ಪಡೆದ ಭಾರತೀಯ ವಿಜ್ಞಾನ ಸಂಸ್ಥೆ ತಲೆಯೆತ್ತಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಿಲಾನ್ಯಾಸ ನೆರವೇರಿಸಿದರು. ಕನ್ನಡಿಗರು ಇಂದಿಗೂ ಅಕ್ಕರೆಯಿಂದ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯಲ್ಲಿ 1921ರಷ್ಟು ಹಿಂದೆಯೇ ಜೀವರಸಾಯನ ವಿಭಾಗ ಆರಂಭವಾಯಿತು. ದೇಶದಲ್ಲಿ ಜೀವರಸಾಯನಕ್ಕೆ ಪ್ರತ್ಯೇಕ ಪೀಠ ದೊರೆತ ಆದಿಪರ್ವವದು.

ಆ ವಿಭಾಗದ ಪ್ರಭಾವ ಬೆಂಗಳೂರಿನ ಎಲ್ಲೆ ಮೀರಿ ಹರಡಿತು. ಅದನ್ನು ಮುನ್ನಡೆಸಿದ ವಿ. ಸುಬ್ರಹ್ಮಣ್ಯನ್ ಮುಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಪ್ರಥಮ ನಿರ್ದೇಶಕರಾದರು. 1950ರಲ್ಲಿ ಆ ಸಂಸ್ಥೆ ಕಾರ್ಯಾರಂಭ ಮಾಡಿದ್ದು ಚೆಲುವಾಂಬ ವಿಲಾಸದ ಭವ್ಯ ಸೌಧದಲ್ಲಿ. ಇಲ್ಲೂ ಅರಮನೆಯದೇ ಔದಾರ್ಯ. ಕೇಂಬ್ರಿಜ್‌ನಿಂದ ವಿಜ್ಞಾನದಲ್ಲಿ ಡಾಕ್ಟರೇಟ್ ಗಳಿಸಿ ಭಾರತೀಯ ಮಹಿಳೆಯರಿಗೆ ದಾರಿ ತೆರೆದ ಕಮಲಾ ಸೊಹೊನಿ, 1930ರ ದಶಕದಲ್ಲಿ ಹೆಣ್ಣೆಂಬ ಕಾರಣಕ್ಕೆ ಎದುರಾದ ಪ್ರವೇಶ ನಿರಾಕರಣೆಯನ್ನು ಹೋರಾಡಿ ಗೆದ್ದು ಜೀವರಸಾಯನ ಅಭ್ಯಸಿಸಿದ್ದು ಈ ವಿಭಾಗದಲ್ಲೇ. ಪ್ರೋಟೀನುಗಳ ರಚನೆಯನ್ನು ಅರಿಯಲು ಜಗತ್ತೇ ಬಳಸುವ ನಕ್ಷೆಗೆ ತಮ್ಮ ಹೆಸರನ್ನೇ ಅಮರವಾಗಿಸಿದ ಜಿ.ಎನ್. ರಾಮಚಂದ್ರನ್, ಮದ್ರಾಸಿನಿಂದ ಬಂದು 1970ರ ದಶಕದ ಆರಂಭದಲ್ಲಿ ಇಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು.

ಮುಂದಿನ ಪೀಳಿಗೆಯ ದೀಪಧಾರಿ ಒಬೈದ್ ಸಿದ್ದಿಕಿ. ಹೋಮಿ ಭಾಭಾ ಅವರ ಆಹ್ವಾನದಂತೆ ಮುಂಬೈಯ ಟಾಟಾ ಮೂಲವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಶಾಸ್ತ್ರದ ಘಟಕ ಬೆಳೆಸಿದ್ದ ಈ ಮೇಧಾವಿ, 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ರೂಪಿಸಿದರು. ಕೃಷಿ ವಿಶ್ವವಿದ್ಯಾಲಯ ಅದಕ್ಕೆ ತನ್ನ ಹಸಿರು ಆವರಣದಲ್ಲಿ ಜಾಗ ಕೊಟ್ಟಿತು. ಒಂದು ವಿದ್ಯಾಸಂಸ್ಥೆ ಮತ್ತೊಂದಕ್ಕೆ ನೆಲೆ ನೀಡುವ ಈ ಪರಂಪರೆ ಬೆಂಗಳೂರಿನ ವಿಜ್ಞಾನ ಚರಿತ್ರೆಯ ಉದ್ದಕ್ಕೂ ಎದ್ದು ಕಾಣುವ ಗುಣ.

ಪರಂಗಿ ಹಾಲಿನಿಂದ ಇನ್ಸುಲಿನ್‌ವರೆಗೆ

ಜ್ಞಾನವಿದ್ದಲ್ಲೆಲ್ಲ ಉದ್ಯಮ ತಾನಾಗಿ ಹುಟ್ಟುವುದಿಲ್ಲ. ಅದಕ್ಕೊಬ್ಬ ಸಾಹಸಿ ಬೇಕು. ಆಸ್ಟ್ರೇಲಿಯದಲ್ಲಿ ಮದ್ಯ ತಯಾರಿಕೆಯ ಶಾಸ್ತ್ರ ಕಲಿತು ಬಂದ ಬೆಂಗಳೂರಿನ ತರುಣಿ ಕಿರಣ್ ಮಜುಂದಾರ್, 1978ರಲ್ಲಿ ಕೇವಲ 10,000 ರೂಪಾಯಿ ಬಂಡವಾಳದೊಂದಿಗೆ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದರು. ಆಗ ಅವರಿಗೆ 25 ವರ್ಷ. ಐರ್ಲೆಂಡಿನ ಸಂಸ್ಥೆಯೊಂದರ ಪಾಲುದಾರಿಕೆಯಿತ್ತು. ಆದರೆ ಹೆಣ್ಣುಮಗಳೊಬ್ಬಳ ಈ ಅಪರಿಚಿತ ವಿದ್ಯೆಯನ್ನು ನಂಬಿ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದವು. ಮೊದಲ ಸರಕು ಪರಂಗಿ ಹಾಲಿನಿಂದ ತೆಗೆವ ಪಪೇನ್ ಎಂಬ ಕಿಣ್ವ ಮತ್ತು ಮೀನಿನ ಗಾಳಿಚೀಲದಿಂದ ಪಡೆಯುವ, ಬಿಯರನ್ನು ತಿಳಿಗೊಳಿಸುವ ಪದಾರ್ಥ.

ಇಲ್ಲಿಂದ ಇನ್ಸುಲಿನ್‌ಗೆ ಜಿಗಿತ ದೊಡ್ಡದಾದರೂ ದಾರಿ ನೇರವಾಗಿತ್ತು. ಕಿಣ್ವಗಳ ತಯಾರಿಕೆ ಕೈಹಿಡಿದಾಗ ಹುದುಗುವಿಕೆಯ ಮರ್ಮ ಕರಗತವಾಯಿತು. ಸೂಕ್ಷ್ಮಜೀವಿಗೆ ಯಾವ ಕ್ಷಣದಲ್ಲಿ ಎಷ್ಟು ಆಮ್ಲಜನಕ, ಎಷ್ಟು ಆಹಾರ ಎಂಬ ಅನುಭವಜ್ಞಾನ ಬೆಳೆಯಿತು. ಅದೇ ಕೌಶಲ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಔಷಧಗಳಿಗೂ, ಅನಂತರ ಇನ್ಸುಲಿನ್ನಿಗೂ, ಕ್ಯಾನ್ಸರಿನ ಪ್ರತಿಕಾಯ ಔಷಧಗಳಿಗೂ ಸೋಪಾನವಾಯಿತು. 2004ರಲ್ಲಿ ಷೇರುಪೇಟೆ ಪ್ರವೇಶಿಸಿದ ಮೊದಲ ದಿನವೇ ಸಂಸ್ಥೆಯ ಮೌಲ್ಯ 100 ಕೋಟಿ ಡಾಲರ್ ಗಡಿ ದಾಟಿದಾಗ, ಜೀವಕೋಶವೂ ಸಂಪತ್ತು ಸೃಷ್ಟಿಸಬಲ್ಲದೆಂದು ದೇಶದ ಹೂಡಿಕೆದಾರರಿಗೆ ಮನವರಿಕೆಯಾಯಿತು. ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಸದೃಶವಾದ, ಮೈಲಾನ್ ಕಂಪನಿಯ ಜೊತೆಗೂಡಿ ರೂಪಿಸಿದ ಔಷಧಕ್ಕೆ 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆಯಿತು. ಟ್ರಾಸ್ಟುಜುಮ್ಯಾಬ್‌ಗೆ ಅಲ್ಲಿ ಅನುಮೋದನೆ ಪಡೆದ ಮೊತ್ತಮೊದಲ ಸದೃಶ ಔಷಧ ಅದು.

ಈ ಯಶಸ್ಸಿನ ಸುತ್ತ ಒಂದು ಪರಿಸರವೇ ಬೆಳೆಯಿತು. ಬಯೋಕಾನ್ ಬಳಗದ ಸಿಂಜೀನ್ ಪರದೇಶದ ಔಷಧ ಕಂಪನಿಗಳಿಗೆ ಸಂಶೋಧನೆಯನ್ನೇ ಸೇವೆಯಾಗಿ ಒದಗಿಸುವ ಹೊಸ ದಾರಿ ತೆರೆಯಿತು. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್‌ನಂಥ ದೈತ್ಯ ಸಂಸ್ಥೆ 2009ರಲ್ಲಿ ಅದರೊಡನೆ ತನ್ನದೇ ಮೀಸಲು ಸಂಶೋಧನಾ ಕೇಂದ್ರ ಹೊಂದಿತು. ಬಯೋಕಾನ್‌ನಲ್ಲಿ ಪಳಗಿದ ಕೈಗಳು ಹೊಸ ಸಂಸ್ಥೆಗಳನ್ನು ಹುಟ್ಟುಹಾಕಿದವು. 2025ರಲ್ಲಿ ಷೇರುಪೇಟೆಗೆ ಬಂದ ಆಂಥೆಮ್ ಬಯೋಸೈನ್ಸಸ್ ಇದಕ್ಕೆ ನಿದರ್ಶನ. ಒಂದು ಕಂಪನಿಯ ಅನುಭವಿ ನಾಳಿನ ಉದ್ಯಮಿಯಾಗುವ ಈ ಪರಿಪಾಠವೇ ಒಂದು ಪ್ರದೇಶವನ್ನು ಉದ್ಯಮದ ತವರನ್ನಾಗಿಸುತ್ತದೆ.

ಗಣಕ ಓದಿದ ಜೀವಲಿಪಿ

ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳ ಲಿಪಿ. ಅದನ್ನು ಪ್ರಯೋಗಾಲಯದ ಯಂತ್ರ ಓದಬಲ್ಲದು, ಅರ್ಥೈಸಲಾರದು. ಅರ್ಥೈಸಲು ಗಣಿತ ಬೇಕು, ಗಣಕ ಬೇಕು, ಎರಡರಲ್ಲೂ ನುರಿತ ಮನಸ್ಸುಗಳು ಬೇಕು. ಸಾಫ್ಟ್‌ವೇರ್ ರಾಜಧಾನಿಯಾದ ಬೆಂಗಳೂರಿನ ವಿಶೇಷ ಬಲ ಇಲ್ಲೇ ಪ್ರಕಟವಾಯಿತು. 2000ದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಗಣಕವಿಜ್ಞಾನ ಪ್ರಾಧ್ಯಾಪಕರು ಕೂಡಿ ಜೈವಿಕ ಮಾಹಿತಿ ವಿಶ್ಲೇಷಿಸುವ ಸ್ಟ್ರಾಂಡ್ ಸಂಸ್ಥೆಯನ್ನು ಕಟ್ಟಿದರು. ಪಾಠ ಹೇಳುವ ಗುರುಗಳೇ ಉದ್ಯಮಕ್ಕಿಳಿದ ಆ ಹೆಜ್ಜೆ ಅಂದಿನ ಕಾಲಕ್ಕೆ ಕ್ರಾಂತಿಕಾರಿ. ಅದೇ ಹೊತ್ತಿಗೆ ರಾಜ್ಯ ಸರ್ಕಾರ ಉದ್ಯಮದ ಸಹಯೋಗದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅನ್ವಯಿಕ ಜೈವಿಕ ತಂತ್ರಜ್ಞಾನದ ಸಂಸ್ಥೆಯನ್ನು ತೆರೆದು ತರಬೇತಿಗೆ ತೊಡಗಿತು.

ಈ ಪಯಣದ ಶಿಖರಸದೃಶ ಸಾಧನೆ ಜೀನೋಮ್ ಇಂಡಿಯಾ ಯೋಜನೆ. ದೇಶದ ನಾನಾ ಸಮುದಾಯಗಳ 10 ಸಾವಿರ ಜನರ ಜೀನೋಮ್ ದಾಖಲಿಸಿದ ಈ ಮಹತ್ಕಾರ್ಯದಲ್ಲಿ 20 ಸಂಸ್ಥೆಗಳು ಕೈಜೋಡಿಸಿದವು. ಅವುಗಳ ಸಮನ್ವಯದ ಹೊಣೆ ಹೊತ್ತದ್ದು ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. 2025ರ ಜನವರಿಯಲ್ಲಿ ಈ ಮಾಹಿತಿಕೋಶ ಸಂಶೋಧಕರಿಗೆ ಮುಕ್ತವಾಯಿತು. ಯುರೋಪಿನವರ ದೇಹಗುಣ ಆಧರಿಸಿ ತಯಾರಾದ ಔಷಧ ಭಾರತೀಯರಿಗೆ ಎಷ್ಟು ಒಗ್ಗುತ್ತದೆ ಎಂಬ ಪ್ರಶ್ನೆಗೆ ನಮ್ಮದೇ ಆಧಾರದಿಂದ ಉತ್ತರ ಹುಡುಕುವ ಕಾಲ ಹೀಗೆ ಸನ್ನಿಹಿತವಾಗಿದೆ. ಇದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರ ಮಿದುಳಿನ ಆರೋಗ್ಯವನ್ನು ವರ್ಷಾನುವರ್ಷ ಪರೀಕ್ಷಿಸುತ್ತಾ, ಮುಪ್ಪಿನ ಮರೆವಿನ ಕಾಯಿಲೆಯ ಮೂಲವನ್ನು ಶೋಧಿಸುತ್ತಿದೆ. ಕೋಲಾರದ ರೈತಾಪಿ ಜನ ಇಂದು ವಿಶ್ವಮಟ್ಟದ ನರವಿಜ್ಞಾನಕ್ಕೆ ಕೊಡುಗೆ ನೀಡುತ್ತಿರುವ ಸಹಭಾಗಿಗಳು.

ಆಸ್ಪತ್ರೆಯೆಂಬ ಪ್ರಯೋಗಶಾಲೆ

ಔಷಧವಾಗಲಿ ಯಂತ್ರವಾಗಲಿ, ಅದರ ಅಂತಿಮ ಪರೀಕ್ಷೆ ರೋಗಿಯ ಮಂಚದ ಬಳಿಯೇ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ಸೇಂಟ್ ಜಾನ್ಸ್, ನಾರಾಯಣದಂಥ ಆಸ್ಪತ್ರೆಗಳು ಒಂದೇ ನಗರದಲ್ಲಿರುವುದರಿಂದ ವೈದ್ಯ ಮತ್ತು ವಿಜ್ಞಾನಿಯ ನಡುವಿನ ಅಂತರ ಕುಗ್ಗಿದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳಿನ ಅಂಗಾಂಶಗಳ ಭಂಡಾರವಿದೆ. ಅಲ್ಲಿನ ವೈದ್ಯರು ಜೈವಿಕ ವಿಜ್ಞಾನಗಳ ಕೇಂದ್ರದ ಸಂಶೋಧಕರೊಂದಿಗೆ ಸೇರಿ, ಮನೋವ್ಯಾಧಿ ಕಾಡುವ ಕುಟುಂಬಗಳ ಜೀವಕೋಶಗಳಿಂದ ಆಕರಕೋಶ ಬೆಳೆಸಿ ಅಧ್ಯಯನ ನಡೆಸಿದ್ದಾರೆ. ಜಿಇ ಸಂಸ್ಥೆಯ ಬೆಂಗಳೂರು ಎಂಜಿನಿಯರುಗಳು ಹಳ್ಳಿಯ ವೈದ್ಯರೂ ಹೊತ್ತೊಯ್ಯಬಲ್ಲ ಅಗ್ಗದ ಇಸಿಜಿ ಯಂತ್ರ ರೂಪಿಸಿದರು. ಇಲ್ಲಿನದೇ ನವೋದ್ಯಮ ಫೋರಸ್ ಹೆಲ್ತ್, ಕುರುಡುತನಕ್ಕೆ ದೂಡುವ ಕಣ್ಣಿನ ಬೇನೆಗಳನ್ನು ಮುಂಚಿತವಾಗಿ ಪತ್ತೆಹಚ್ಚುವ ತ್ರಿನೇತ್ರ ಉಪಕರಣ ಸಿದ್ಧಪಡಿಸಿತು.

ರೋಗಿಯ ರಕ್ತದಿಂದಲೇ ರೋಗನಿರೋಧಕ ಟಿ-ಕೋಶಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಅವುಗಳ ವಂಶವಾಹಿಯನ್ನು ತಿದ್ದಿ, ಮರಳಿ ದೇಹಕ್ಕೆ ಸೇರಿಸುವ ಕಾರ್-ಟಿ ಚಿಕಿತ್ಸೆಯನ್ನು ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಬೊಮ್ಮಸಂದ್ರದಲ್ಲೇ ಸಾಕಾರಗೊಳಿಸಿದೆ. ಇಲ್ಲಿ ಔಷಧವೆಂಬುದು ರೋಗಿಯ ಜೀವಂತ ಕೋಶವೇ ಆದ್ದರಿಂದ ಪ್ರಯೋಗಾಲಯ ಮತ್ತು ಆಸ್ಪತ್ರೆಯ ಸಾಮೀಪ್ಯಕ್ಕೆ ಎಲ್ಲಿಲ್ಲದ ಬೆಲೆ. ಈ ಸಾಮೀಪ್ಯವನ್ನು ಇನ್ನಷ್ಟು ಗಾಢವಾಗಿಸುವ ನಡೆ ವಿಜ್ಞಾನ ಸಂಸ್ಥೆಯದು: 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಘೋಷಿಸಿದ 425 ಕೋಟಿ ರೂಪಾಯಿ ದೇಣಿಗೆಯ ಬಲದಿಂದ ಅದರ ಆವರಣದಲ್ಲೇ 800 ಹಾಸಿಗೆಗಳ ಆಸ್ಪತ್ರೆ ಮತ್ತು ಸ್ನಾತಕೋತ್ತರ ವೈದ್ಯಕೀಯ ಶಾಲೆಯ ಯೋಜನೆ ರೂಪುಗೊಂಡಿತು.

ಸರ್ಕಾರದ ಹಸ್ತ, ನವೋದ್ಯಮದ ಹುರುಪು

ಈ ಎಲ್ಲ ಧಾರೆಗಳಿಗೆ ಪಾತಳಿ ಒದಗಿಸಿದ್ದು ನೀತಿ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ 2001ರಲ್ಲಿ ಕರ್ನಾಟಕ ಜೈವಿಕ ತಂತ್ರಜ್ಞಾನಕ್ಕೆಂದೇ ಪ್ರತ್ಯೇಕ ನೀತಿ ಪ್ರಕಟಿಸಿ ದೇಶದ ಮುಂಚೂಣಿ ರಾಜ್ಯಗಳ ಸಾಲಿನಲ್ಲಿ ನಿಂತಿತು. ಉದ್ಯಮಿಗಳನ್ನೂ ವಿಜ್ಞಾನಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಸಮಿತಿ, ಪ್ರತಿವರ್ಷದ ಸಮ್ಮೇಳನ, ಪದವೀಧರರ ಕೈ ಪಳಗಿಸುವ ಕೌಶಲ ಶಾಲೆಗಳು ಒಂದರ ಹಿಂದೊಂದು ಬಂದವು. 2009ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ಸ್ಥಾಪನೆಯಾದ ಸಿ-ಕ್ಯಾಂಪ್ ಎಂಬ ಕೇಂದ್ರ ನವೋದ್ಯಮಿಗಳ ಪಾಲಿಗೆ ವರವಾಯಿತು. ಕೋಟಿಗಟ್ಟಲೆ ಬೆಲೆಬಾಳುವ ಉಪಕರಣಗಳನ್ನು ತರುಣ ವಿಜ್ಞಾನಿ ಕೊಳ್ಳಲಾರ. ಅವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆ ಇಲ್ಲುಂಟು. ಔಷಧಕ್ಕೆ ಮಣಿಯದ ರೋಗಾಣುಗಳ ವಿರುದ್ಧ ಹೊಸ ಪ್ರತಿಜೈವಿಕ ಹುಡುಕುತ್ತಿರುವ ಬಗ್‌ವರ್ಕ್ಸ್, ಪ್ರಯೋಗಾಲಯದಲ್ಲೇ ಕಣ್ಣಿನ ಕಾರ್ನಿಯಾ ಅಂಗಾಂಶ ಬೆಳೆಸಲು ಶ್ರಮಿಸುತ್ತಿರುವ ಪ್ಯಾಂಡೋರಮ್, ಮೀಥೇನ್ ಅನಿಲದಿಂದ ಪ್ರೋಟೀನ್ ತಯಾರಿಸುವ ಸ್ಟ್ರಿಂಗ್ ಬಯೋ — ಇವೆಲ್ಲ ಬೆಂಗಳೂರಿನ ಮಣ್ಣಲ್ಲಿ ಮೊಳೆತ ಕನಸುಗಳು.

ನಾಳಿನ ಕರ್ನಾಟಕ

ಕೇಂದ್ರ ಸರ್ಕಾರದ ಅಂದಾಜಿನಂತೆ 2014ರಲ್ಲಿ ಸುಮಾರು 1,000 ಕೋಟಿ ಡಾಲರ್ ಇದ್ದ ದೇಶದ ಜೈವಿಕ ಆರ್ಥಿಕತೆ 2024ರ ಹೊತ್ತಿಗೆ 16,500 ಕೋಟಿ ಡಾಲರ್ ಮೀರಿದೆ. ಈ ಓಟದಲ್ಲಿ ಬೆಂಗಳೂರು ಒಂಟಿಯಲ್ಲ. ಲಸಿಕೆ ಮತ್ತು ಔಷಧ ತಯಾರಿಕೆಯಲ್ಲಿ ಪ್ರಚಂಡ ಶಕ್ತಿಯಾದ ಹೈದರಾಬಾದಿನ ಜೀನೋಮ್ ವ್ಯಾಲಿ ಸಮರ್ಥ ಪ್ರತಿಸ್ಪರ್ಧಿ. ಸಂಶೋಧನೆಗೆ ಬೇಕಾದ ರಾಸಾಯನಿಕಗಳಿಗೂ ಸೂಕ್ಷ್ಮ ಯಂತ್ರಗಳಿಗೂ ಇಂದಿಗೂ ವಿದೇಶದ ಅವಲಂಬನೆ ಹೆಚ್ಚು. ಹೊಸ ಔಷಧವೊಂದು ಪ್ರಯೋಗಾಲಯದಿಂದ ಮಾರುಕಟ್ಟೆಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ತಾಳ್ಮೆಯುಳ್ಳ ಬಂಡವಾಳ ವಿರಳ. ನಗರದ ನೀರು, ನೆಲ, ಸಂಚಾರ ಎಲ್ಲವೂ ಒತ್ತಡದಲ್ಲಿವೆ.

ಪರಿಹಾರವೂ ಕರ್ನಾಟಕದ ಒಡಲಲ್ಲೇ ಇದೆ. ಆಹಾರ ವಿಜ್ಞಾನದ ಮೈಸೂರು, ಕಡಲು ಮತ್ತು ವೈದ್ಯಕೀಯ ಕಾಲೇಜುಗಳ ಮಂಗಳೂರು–ಮಣಿಪಾಲ, ಕೃಷಿ ವಿಜ್ಞಾನದ ಧಾರವಾಡ, ಜಾನುವಾರು ವಿಜ್ಞಾನದ ಬೀದರ್ — ಒಂದೊಂದಕ್ಕೂ ತನ್ನದೇ ಸತ್ತ್ವವಿದೆ. ಮಲೆನಾಡಿನ ಜೀವವೈವಿಧ್ಯವಂತೂ ಅಕ್ಷಯನಿಧಿ. ತೆರಿಗೆ ವಿನಾಯಿತಿ, ಅಗ್ಗದ ಭೂಮಿಯನ್ನು ಯಾವ ರಾಜ್ಯವೂ ಕೊಡಬಹುದು. ನೂರು ವರ್ಷ ಕೂಡಿಟ್ಟ ವಿದ್ಯೆಯನ್ನು ಯಾರೂ ಸುತ್ತೋಲೆ ಹೊರಡಿಸಿ ಸೃಷ್ಟಿಸಲಾರರು. ಬೆಂಗಳೂರಿನ ನಿಜವಾದ ಆಕರ್ಷಣೆ ಆ ವಿದ್ಯೆ. ಆದ್ದರಿಂದ ಜಿಲ್ಲೆ ಜಿಲ್ಲೆಯ ಸರ್ಕಾರಿ ಕಾಲೇಜುಗಳ ಜೀವವಿಜ್ಞಾನ ಪ್ರಯೋಗಾಲಯಗಳಿಗೆ ಒಳ್ಳೆಯ ಸೂಕ್ಷ್ಮದರ್ಶಕ, ನುರಿತ ಅಧ್ಯಾಪಕರು, ಕನ್ನಡದಲ್ಲೇ ವಿಜ್ಞಾನ ತಿಳಿಸುವ ಪುಸ್ತಕಗಳು ದೊರೆಯಲಿ. ಜೀವಶಾಸ್ತ್ರವೆಂದರೆ ವೈದ್ಯಕೀಯ ಸೀಟಿನ ಮೆಟ್ಟಿಲು ಮಾತ್ರವೆಂದು ಭಾವಿಸದೆ, ಸಂಶೋಧನೆಯ ಹಾದಿ ಹಿಡಿವ ಮಕ್ಕಳಿಗೆ ಮನೆಮಂದಿ ಬೆಂಬಲವಾಗಿ ನಿಲ್ಲಲಿ. ಅಂದು ಅರಮನೆ ನೆಲ ಕೊಟ್ಟಿತು; ಇಂದು ನಾಡು ಕೊಡಬೇಕಾದದ್ದು ಪ್ರತಿಭಾವಂತ ಮಕ್ಕಳನ್ನು.