ಕಾರ್ಡ್ ಬಂತು, ದುಡ್ಡು ಯಾಕೆ ಬರ್ಲಿಲ್ಲ?

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸಕಲೇಶಪುರದ ಕಡೆಯ ಗೆಳೆಯನೊಬ್ಬನ ಮನೆಗೆ ಹೋಗಿದ್ವಿ. ಹೋಗಿದ್ದು ಮಳೆ ನೋಡೋಕೆ. ಎರಡನೇ ದಿನ ಅವನ ಚಿಕ್ಕಪ್ಪ ಒಂದು ಪ್ಲಾಸ್ಟಿಕ್ ಕವರ್ ತಂದು ನಮ್ಮ ಮುಂದೆ ಇಟ್ಟರು. "ನೀವು ಇಂಜಿನಿಯರಿಂಗ್ ಓದ್ತಿರೋ ಹುಡುಗ್ರು, ಕಂಪ್ಯೂಟರ್ ಗೊತ್ತು. ಈ ಕಾರ್ಡ್ ಬಂದು ಹನ್ನೊಂದು ತಿಂಗ್ಳಾಯ್ತು. ಇದ್ರ ದುಡ್ಡು ಯಾವ ಬ್ಯಾಂಕಿಗೆ ಬೀಳ್ತಿದೆ ಅಂತ ಸ್ವಲ್ಪ ನೋಡ್ರಪ್ಪ."

ಚಿಕ್ಕಪ್ಪನಿಗೆ ನಲವತ್ತೊಂದು ವರ್ಷ. ಮೂರು ವರ್ಷದ ಹಿಂದೆ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವಾಗ ಜಾರಿ ಬಿದ್ದು ಸೊಂಟ, ಬಲಗಾಲು ಎರಡೂ ಹೋದವು. ಕವರಿನಲ್ಲಿ ಇದ್ದದ್ದು ಯುಡಿಐಡಿ ಕಾರ್ಡ್, ಶೇ 55 ಎಂದು ಬರೆದಿತ್ತು. ದುಡ್ಡು ಯಾವ ಬ್ಯಾಂಕಿಗೂ ಬೀಳುತ್ತಿರಲಿಲ್ಲ. ಮಾಸಾಶನಕ್ಕೆ ಅರ್ಜಿಯನ್ನೇ ಯಾರೂ ಹಾಕಿರಲಿಲ್ಲ. ಕಾರ್ಡ್ ಬಂದರೆ ದುಡ್ಡು ತಾನಾಗಿ ಬರುತ್ತೆ ಅಂತ ಇಡೀ ಮನೆ ನಂಬಿಕೊಂಡು ಕೂತಿತ್ತು.

ನಮ್ಮ ಕಾಲೇಜಿನಲ್ಲಿ ಸಕಲೇಶಪುರ, ಆಲೂರು ಕಡೆಯವರು ಸಾಕಷ್ಟು ಜನ ಇದ್ದೀರಿ. ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಲೈನ್ ಮನೆಯಲ್ಲಿ ಇಂಥ ಕವರ್ ಒಂದು ಇರಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ತಿಳಿಯಬೇಕಾದ್ದು, ಕಾರ್ಡೇ ಬೇರೆ, ಮಾಸಾಶನವೇ ಬೇರೆ. ಕಾರ್ಡ್ ಕೇಂದ್ರ ಸರಕಾರದ ಸ್ವಾವಲಂಬನ್ ಪೋರ್ಟಲ್ಲಿನಿಂದ, ವೈದ್ಯರ ಪರೀಕ್ಷೆಯ ಮೇಲೆ ಬರುತ್ತದೆ. ಮಾಸಾಶನ ರಾಜ್ಯದ ಕಂದಾಯ ಇಲಾಖೆಯದ್ದು, ನಾಡಕಚೇರಿಯಲ್ಲಿ ಅರ್ಜಿ. ಒಂದು ಕಚೇರಿ ಇನ್ನೊಂದಕ್ಕೆ ಹೇಳಿ ಕಳಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಆಂಡ್ ಗೇಟ್: ಶೇಕಡಾವಾರು, ಆದಾಯ, ವಿಳಾಸ, ಬ್ಯಾಂಕ್ ಖಾತೆ ಎಲ್ಲವೂ ಒಂದಾಗಿದ್ದರೆ ಮಾತ್ರ ಔಟ್‌ಪುಟ್ ಒಂದು.

ಕಾರ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಶೇ 40ಕ್ಕಿಂತ ಕಡಿಮೆಯಿದ್ದರೆ ಬಿಳಿ ಕಾರ್ಡ್, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಹೆಚ್ಚಿನ ಸವಲತ್ತುಗಳ ಬಾಗಿಲು 40ಕ್ಕೆ ತೆರೆಯುತ್ತದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಹೋದರೆ "ಇನ್ನೂ ವಾಸಿಯಾಗಬಹುದು, ಆಮೇಲೆ ಬನ್ನಿ" ಅನ್ನುತ್ತಾರೆ, ಇಲ್ಲವೇ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಮೇಲಿರುವ ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಈ ಶೇಕಡಾ ಅನ್ನೋದು ಏನನ್ನು ಅಳೆಯುತ್ತದೆ ಎಂಬುದು ನಮಗೆ ತುಂಬಾ ಕಾಡಿದ ಪ್ರಶ್ನೆ. ಕೀಲು ಎಷ್ಟು ಬಾಗುತ್ತೆ, ಸ್ನಾಯುವಿಗೆ ಎಷ್ಟು ಬಲ ಇದೆ, ಕಾಲು ಎಷ್ಟು ಗಿಡ್ಡ ಆಗಿದೆ, ಇದನ್ನು ಸೂತ್ರ ಹಾಕಿ ಕೂಡಿಸುತ್ತಾರೆ. ಅಂದರೆ ಅಳೆಯುವುದು ಶರೀರವನ್ನು, ಕೆಲಸವನ್ನಲ್ಲ. ಶೇ 35 ಬಂದ ಕಾಲಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರಬಹುದು. ಅದೇ ಕಾಲಿನಲ್ಲಿ ಇಳಿಜಾರಿನ ತೋಟದಲ್ಲಿ ಮರಗಸಿ ಮಾಡೋಕೆ, ಏಣಿ ಹತ್ತೋಕೆ ಆಗಲ್ಲ. ಆದರೆ ಇಬ್ಬರಿಗೂ ಒಂದೇ ಅಂಕ. ಶೇಕಡಾ ಕಡಿಮೆ ಬಂತು ಅನ್ನಿಸಿದರೆ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಸಲ್ಲಿಸಬಹುದು. ಆದರೆ ಕೆಲಸ ಹೋಯಿತು ಅನ್ನುವ ಕಾರಣ ಅಲ್ಲಿ ನಡೆಯುವುದಿಲ್ಲ, ಅಳತೆಯಲ್ಲಿ ಏನು ಬಿಟ್ಟುಹೋಗಿದೆ ಎಂದು ತೋರಿಸಬೇಕು. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಬಿಸಾಡಬೇಡಿ ಅನ್ನುವುದು ಅದಕ್ಕೇ.

ಈಗ ಮಾಸಾಶನ. ಶೇ 40ರಿಂದ 74ರವರೆಗೆ ತಿಂಗಳಿಗೆ ₹800, 75 ಮತ್ತು ಮೇಲೆ ₹1,400. 80 ದಾಟಿದ ಬಡ ಕುಟುಂಬದವರಿಗೆ ಕೇಂದ್ರದ ಇಂದಿರಾ ಗಾಂಧಿ ಯೋಜನೆಯ ಪಾಲು ₹300. ಇದು 2012ರಿಂದ ಒಂದು ರೂಪಾಯಿ ಅಲ್ಲಾಡಿಲ್ಲ. 2016ರ ಕಾಯ್ದೆಯ 24ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಇತರರಿಗೆ ಸಿಗುವ ಅಂಥದೇ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಇರಬೇಕು. ವಿಧವಾ ವೇತನವೂ ₹800, ಶೇ 55ರ ಅಂಗವಿಕಲ ವೇತನವೂ ₹800. 'ಸರಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ' ಎಂಬ ಪದಗಳೂ ಅದೇ ಕಲಮಿನಲ್ಲಿ ಇವೆ ಅನ್ನಿ. ಒಬ್ಬರಿಗೆ ಎರಡು ಮಾಸಾಶನ ಇಲ್ಲ. ವಿಧವಾ ವೇತನ ಪಡೆಯುವವರ ವೈಕಲ್ಯ ಶೇ 75 ದಾಟಿದ್ದರೆ ಬದಲಾಯಿಸಿಕೊಳ್ಳುವುದು ಲಾಭ.

ಚಿಕ್ಕಪ್ಪನ ವಿಷಯದಲ್ಲಿ ಗಂಟು ಬಿದ್ದದ್ದು ಆದಾಯದಲ್ಲಿ. ಮಿತಿ ವರ್ಷಕ್ಕೆ ₹32,000. ಅಂದರೆ ದಿನಕ್ಕೆ 87 ರೂಪಾಯಿ ಚಿಲ್ಲರೆ. ತೋಟದ ಕೂಲಿ ದಿನಕ್ಕೆ ₹400 ಅಂತ ಇಟ್ಟುಕೊಂಡರೆ ವರ್ಷಕ್ಕೆ 80 ದಿನ ದುಡಿದವರು ಮಿತಿ ಮುಟ್ಟಿಬಿಡುತ್ತಾರೆ. ಕಾಫಿ ಕೊಯ್ಲಿನ ಎರಡು ತಿಂಗಳು, ಮೆಣಸಿನ ಒಂದು ತಿಂಗಳು, ಅಲ್ಲಿಗೆ ಲೆಕ್ಕ ಮುಗೀತು. ದುಡಿಯುವ ವಯಸ್ಸಿನವನಿಗೆ ಇದು ಒಂಥರಾ ವಿಚಿತ್ರ ಶಿಕ್ಷೆ: ಕೂತರೆ ಎಂಟುನೂರು, ಎದ್ದು ಕೈಲಾದಷ್ಟು ದುಡಿದರೆ ಅದೂ ಇಲ್ಲ.

ಕವರಿನಲ್ಲಿದ್ದ ಆದಾಯ ಪ್ರಮಾಣಪತ್ರ ₹40,000 ತೋರಿಸುತ್ತಿತ್ತು. ಮಗಳ ಸ್ಕಾಲರ್‌ಶಿಪ್ಪಿಗೆ ಅಂತ ಬೀಳುವ ಮೊದಲು ಮಾಡಿಸಿದ್ದು. ಅದಕ್ಕೆ ಐದು ವರ್ಷದ ಬಾಳಿಕೆ ಇರುವುದರಿಂದ ಅದನ್ನೇ ಲಗತ್ತಿಸಿದ್ದರೆ ಅರ್ಜಿ ಅಲ್ಲೇ ಬಿದ್ದುಹೋಗುತ್ತಿತ್ತು. ಈಗ ಮನೆಗೆ ಬರುವುದು ಚಿಕ್ಕಮ್ಮನ ಕೂಲಿ ಒಂದೇ. ವರ್ಷಕ್ಕೆ ಎಪ್ಪತ್ತು ದಿನ ಕೆಲಸ ಸಿಕ್ಕರೆ ಹೆಚ್ಚು, ₹28,000. ಅದನ್ನೇ ಬರೆದು ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಗ್ರಾಮ ಆಡಳಿತಾಧಿಕಾರಿ ಮನೆಗೇ ಬಂದು ನೋಡಬೇಕು. ಬಂದಾಗ ಮನೆಯಲ್ಲಿ ಯಾರಾದ್ರೂ ಇರಿ. ಎಲ್ಲರೂ ತೋಟಕ್ಕೆ ಹೋಗಿ ಬಾಗಿಲು ಹಾಕಿದ್ದರೆ ಕಡತ ಅಲ್ಲೇ ಕೂರುತ್ತದೆ.

ಲೈನ್ ಮನೆಗಳಲ್ಲಿರುವವರ ಕಷ್ಟ ಬೇರೆ. ಕೆಲಸ ಹಾನುಬಾಳು ಕಡೆ, ಆಧಾರ್ ವಿಳಾಸ ಮತ್ತು ರೇಷನ್ ಕಾರ್ಡ್ ಆಲೂರು ತಾಲೂಕಿನ ಪಾಳ್ಯದಲ್ಲಿ. ಅರ್ಜಿ ಹಾಕಬೇಕಾದ್ದು ವಾಸಸ್ಥಳದ ಹೋಬಳಿಯ ನಾಡಕಚೇರಿಯಲ್ಲಿ. ಮೊದಲು ಆಧಾರ್ ಮತ್ತು ರೇಷನ್ ಕಾರ್ಡ್ ಎರಡೂ ಒಂದೇ ವಿಳಾಸ ಹೇಳುವಂತೆ ಮಾಡಿಕೊಳ್ಳಿ. ಇಲ್ಲದಿದ್ದರೆ ಎರಡು ಹೋಬಳಿಯವರೂ ನಿಮ್ಮನ್ನು ಇನ್ನೊಬ್ಬರ ಹತ್ತಿರ ಕಳಿಸುತ್ತಾ ಇರುತ್ತಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅನ್ನೋದನ್ನೂ ಅದೇ ಓಡಾಟದಲ್ಲಿ ಕೇಳಿಬಿಡಿ.

ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಒಂದು ಕಚೇರಿಯಲ್ಲಿ ನಮಗೆ "ಕಾಗದ ಇಟ್ಟು ಹೋಗಿ, ನೋಡೋಣ" ಅಂದರು. ಚೀಟಿ ಕೊಡಿ ಅಂತ ನಿಂತ ಮೇಲೆ ಕೊಟ್ಟರು. ಆ ಸಂಖ್ಯೆ ಇಲ್ಲದಿದ್ದರೆ ನೀವು ಅರ್ಜಿ ಹಾಕಿಯೇ ಇಲ್ಲ ಅಂತಲೇ ಲೆಕ್ಕ.

ಇದನ್ನೆಲ್ಲ ಒಬ್ಬರೇ ಹೊತ್ತು ತಿರುಗಬೇಕಿಲ್ಲ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕು. ಊರವರು ವಿಆರ್‌ಡಬ್ಲ್ಯೂ ಅಂತಾರೆ. ಅವರ ಮೇಲೆ ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯೂ. ವೈದ್ಯಕೀಯ ತಪಾಸಣೆ ಯಾವ ದಿನ, ಯಾವ ಆಸ್ಪತ್ರೆಯಲ್ಲಿ ಅನ್ನೋದು ಅವರಿಗೆ ಮೊದಲೇ ಗೊತ್ತಿರುತ್ತೆ. ಹೆತ್ತೂರು, ಯಸಳೂರಿನಿಂದ ಮಳೆಗಾಲದಲ್ಲಿ ಬಸ್ ಹಿಡಿದು ಹಾಸನ ತಲುಪಿ, ವೈದ್ಯರು ಇವತ್ತಿಲ್ಲ ಅನ್ನಿಸಿಕೊಂಡು ವಾಪಸ್ ಬರುವುದು ಒಂದು ದಿನದ ಕೂಲಿ ಮತ್ತು ಜೊತೆಗೆ ಬಂದವರ ಕೂಲಿ ಎರಡನ್ನೂ ತಿನ್ನುತ್ತದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು ಅನ್ನುವುದನ್ನೂ ಅವರ ಹತ್ತಿರವೇ ವಿಚಾರಿಸಿ. ಗಂಡಸರಿಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಇದೆ, ವರ್ಷಕ್ಕೆ ₹660, ಮನೆಯಿಂದ 100 ಕಿ.ಮೀ. ಒಳಗೆ. ಹಾಸನ ಆರಾಮಾಗಿ ಸೇರುತ್ತೆ. ಹೆಂಗಸರಿಗೆ ಶಕ್ತಿ ಯೋಜನೆಯೇ ಸಾಕು.

ವೈಕಲ್ಯ ಹೇಗೆ ಆಯಿತು ಅನ್ನುವುದರ ಮೇಲೆ ಇನ್ನೆರಡು ಬಾಗಿಲುಗಳಿವೆ. ನಮ್ಮ ಕಡೆ ಆನೆ ತುಳಿದು ಬದುಕುಳಿದವರಿದ್ದಾರೆ. ಅವರಿಗೆ ಅರಣ್ಯ ಇಲಾಖೆಯ ಪರಿಹಾರ ಪ್ರತ್ಯೇಕ. 2022ರ ಡಿಸೆಂಬರಿನಲ್ಲಿ ಶಾಶ್ವತ ಅಂಗವೈಕಲ್ಯದ ಮೊತ್ತವನ್ನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿದರು. ಇನ್ನೊಂದು ತೋಟದ ಅಪಘಾತ. 25 ಅಥವಾ ಹೆಚ್ಚು ಜನ ದುಡಿಯುವ ಕಾಫಿ ಎಸ್ಟೇಟು 1923ರ ಪರಿಹಾರ ಕಾಯ್ದೆಯ ಒಳಗೆ ಬರುತ್ತಿತ್ತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹಳೆಯ ಕಾಯ್ದೆಯಲ್ಲಿ ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಚಿಕ್ಕಪ್ಪ ಬಿದ್ದಾಗ ತೋಟದವರು ಆಸ್ಪತ್ರೆ ಬಿಲ್ಲು ಕೊಟ್ಟು, ಕೈಗೆ ಹತ್ತು ಸಾವಿರ ಇಟ್ಟು ಕಳಿಸಿದ್ದರು. "ಅವ್ರು ಒಳ್ಳೇವ್ರೇ ಕಣ್ರಪ್ಪ, ಬಿಲ್ಲು ಕಟ್ಟಿದ್ರಲ್ಲ" ಅಂದರು ಚಿಕ್ಕಪ್ಪ. ಗಡುವು ದಾಟಿ ಒಂದು ವರ್ಷವಾಗಿತ್ತು. ಆದರೂ ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಅರ್ಜಿ ಪರಿಗಣಿಸುವ ಅವಕಾಶ ಕಾಯ್ದೆಯಲ್ಲಿತ್ತು. ಅದಕ್ಕೆ ವಕೀಲರು ಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ.

ಚಿಕ್ಕಪ್ಪನ ಹೊಸ ಆದಾಯ ಪ್ರಮಾಣಪತ್ರ ಬಂದಿದೆ. ಮಾಸಾಶನದ ಅರ್ಜಿ ರಾಜಸ್ವ ನಿರೀಕ್ಷಕರ ಹತ್ತಿರ ಇದೆ ಅಂತ ನಿನ್ನೆ ಗೆಳೆಯ ಮೆಸೇಜ್ ಮಾಡಿದ್ದ. ಮುಂದಿನ ಶನಿವಾರ ಅವರಿಬ್ಬರೂ ಸಕಲೇಶಪುರ ಕೋರ್ಟಿಗೆ ಹೋಗುತ್ತಿದ್ದಾರೆ, ಬಿದ್ದ ದಿನದ ಆಸ್ಪತ್ರೆ ಚೀಟಿ ಹಿಡಿದುಕೊಂಡು.