ಕೌಂಟರ್‌ನಲ್ಲಲ್ಲ, ಮನೆಯಲ್ಲೇ ತೂಗೋಣ: ಗಲ್ಫ್ ಪ್ರಯಾಣದ ಬ್ಯಾಗಿನ ಲೆಕ್ಕ

ಗಲ್ಫ್‌ಗೆ ಹೊರಟವನ ಮನೆಯಲ್ಲಿ ಕೊನೆಯ ಎರಡು ದಿನ ನಡೆಯುವ ದೊಡ್ಡ ಕೆಲಸವೆಂದರೆ ಪ್ಯಾಕಿಂಗ್. ಭಟ್ಕಳದಲ್ಲಾದರೆ ಹಲ್ವಾ, ಕುಮಟಾದಲ್ಲಾದರೆ ಗೊಂಚಲು ಕಟ್ಟಿದ ಸಿಹಿ ಈರುಳ್ಳಿ, ಹೊನ್ನಾವರದಲ್ಲಾದರೆ ಒಣಮೀನು. ಇವುಗಳ ಜೊತೆಗೆ ಎಲ್ಲ ಮನೆಗಳಲ್ಲೂ ಉಪ್ಪಿನಕಾಯಿ, ಹಪ್ಪಳ, ತೆಂಗಿನೆಣ್ಣೆ, ಕುಚ್ಚಲಕ್ಕಿ. ಉಮ್ಮ ಕೊಟ್ಟದ್ದನ್ನು ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರೂ ಒಂದು ಪೊಟ್ಟಣ ಹಿಡಿದು ಬರುತ್ತಾರೆ. "ಮೋನೇ, ನಮ್ಮ ಅಳಿಯನಿಗೆ ಇದೊಂದು ಕೊಟ್ಟುಬಿಡು, ಒಂದು ಕಿಲೋ ಕೂಡ ಇಲ್ಲ" ಅಂತಾರೆ. ಹೀಗೆ ಒಂದೊಂದು ಕಿಲೋ ಸೇರಿ ಏಳೆಂಟು ಕಿಲೋ ಆದದ್ದು ಗೊತ್ತಾಗುವುದು ವಿಮಾನ ನಿಲ್ದಾಣದ ತಕ್ಕಡಿಯ ಮೇಲೆ.

ನಮ್ಮ ಕಡೆಯವರಿಗೆ ಈ ತೊಂದರೆ ಇನ್ನೂ ಹೆಚ್ಚು. ಭಟ್ಕಳದಿಂದ ಮಂಗಳೂರಿಗೆ ಸುಮಾರು 140 ಕಿ.ಮೀ. ಹೊನ್ನಾವರ, ಕುಮಟಾದವರು ಮಂಗಳೂರಿಗೆ ಹೋದರೂ ಗೋವಾಕ್ಕೆ ಹೋದರೂ ಗಂಟೆಗಟ್ಟಲೆ ಪ್ರಯಾಣ. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದೇ 2006ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು ನಮ್ಮ ಹಿರಿಯರು ಮುಂಬೈಗೆ ಹೋಗಿ ಹತ್ತಬೇಕಿತ್ತು. ಈಗ ಅಷ್ಟು ಕಷ್ಟವಿಲ್ಲ, ನಿಜ. ಆದರೆ ಕೌಂಟರ್‌ನಲ್ಲಿ ಐದು ಕಿಲೋ ಹೆಚ್ಚು ಬಂದರೆ ಮನೆಗೆ ಓಡಿ ಇಟ್ಟು ಬರಲು ಆಗುವುದಿಲ್ಲ. ಹೇಳಿದಷ್ಟು ದುಡ್ಡು ಕಟ್ಟಬೇಕು, ಇಲ್ಲ ಉಮ್ಮ ಕಟ್ಟಿಕೊಟ್ಟದ್ದನ್ನು ಅಲ್ಲೇ ತೆಗೆದಿಡಬೇಕು. ವೀಸಾಕ್ಕೂ ಟಿಕೆಟಿಗೂ ಸಾಲ ಮಾಡಿ ಮೊದಲ ಸಲ ಕೆಲಸಕ್ಕೆ ಹೊರಟ ಹುಡುಗನಿಗೆ ಇದು ಸಣ್ಣ ಮಾತಲ್ಲ.

ಹಾಗಾಗಿ ಬ್ಯಾಗಿನ ಲೆಕ್ಕ ಏನು, ಅದನ್ನು ಮೊದಲೇ ತಿಳಿಯುವುದು ಹೇಗೆ ಎಂದು ಈ ವಾರ ನೋಡೋಣ.

ಟಿಕೆಟಿನಲ್ಲಿ ಎಲ್ಲಿ ನೋಡಬೇಕು?

ಟಿಕೆಟ್ ಕೊಳ್ಳುವಾಗ ನಾವು ನೋಡುವುದು ದರ, ದಿನ, ಸಮಯ ಮೂರೇ. ನಾಲ್ಕನೆಯದು ಕೆ.ಜಿ. ಒಂದೇ ವಿಮಾನದಲ್ಲಿ ಪಕ್ಕಪಕ್ಕದ ಸೀಟಿನಲ್ಲಿ ಕೂತ ಇಬ್ಬರಿಗೆ ಬೇರೆ ಬೇರೆ ತೂಕದ ಮಿತಿ ಇರಬಹುದು, ಯಾಕೆಂದರೆ ಇಬ್ಬರೂ ಕೊಂಡ ಟಿಕೆಟಿನ ತರಗತಿ ಬೇರೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ 'ಲೈಟ್' ಎಂಬ ಅಗ್ಗದ ಟಿಕೆಟ್ ತಂದಿತು. ಅದರಲ್ಲಿ ಕೈಚೀಲ ಮಾತ್ರ, ಚೆಕ್‌-ಇನ್ ಬ್ಯಾಗ್ ಇಲ್ಲ. ಒಂದು ಸಣ್ಣ ಚೀಲದಲ್ಲಿ ಹೋಗಿ ಬರುವವರಿಗೆ ಅದು ಒಳ್ಳೆಯದೇ. ಎರಡು ವರ್ಷಕ್ಕೆ ಒಮ್ಮೆ ಊರಿಗೆ ಬರುವವನಿಗೆ ಅಲ್ಲ.

ಉದಾಹರಣೆಗೆ, ಬ್ಯಾಗ್ ಇಲ್ಲದ ಟಿಕೆಟ್ ಹನ್ನೆರಡು ಸಾವಿರ, 20 ಕೆ.ಜಿ. ಇರುವ ಟಿಕೆಟ್ ಹದಿನಾಲ್ಕು ಸಾವಿರ ಅಂದುಕೊಳ್ಳಿ. ಎರಡು ಸಾವಿರ ಉಳಿಯಿತು ಎಂದು ಮೊದಲನೆಯದನ್ನು ಕೊಂಡರೆ ಕೌಂಟರ್‌ನಲ್ಲಿ ಆ 20 ಕಿಲೋಗೆ ಅದಕ್ಕಿಂತ ಎಷ್ಟೋ ಹೆಚ್ಚು ಕೊಡಬೇಕಾದೀತು. ಏಜೆಂಟರ ಹತ್ತಿರ "ಎಷ್ಟು ಕಡಿಮೆಗೆ ಸಿಗ್ತದೆ?" ಅಂತ ಮಾತ್ರ ಕೇಳಬೇಡಿ, "ಎಷ್ಟು ಕೆ.ಜಿ. ಇದೆ?" ಅಂತಲೂ ಕೇಳಿ. ಟಿಕೆಟ್ ಪ್ರತಿಯಲ್ಲಿ 'ಬ್ಯಾಗೇಜ್' ಎಂದಿರುವ ಸಾಲನ್ನು ಕಣ್ಣಾರೆ ಓದಿ.

ಹೋದ ವರ್ಷದ ಲೆಕ್ಕ ಈ ವರ್ಷಕ್ಕೆ ಹಿಡಿಯುವುದಿಲ್ಲ. ಯುಎಇಯಿಂದ ಊರಿಗೆ ಬರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನಗಳಲ್ಲಿ ಬಹುಕಾಲ ಇದ್ದ 30 ಕೆ.ಜಿ. ಮಿತಿ 2024ರ ಆಗಸ್ಟ್‌ನಲ್ಲಿ 20ಕ್ಕೆ ಇಳಿಯಿತು, 2025ರ ಆರಂಭದಲ್ಲಿ ಮತ್ತೆ 30 ಆಯಿತು. "ನಮ್ಮ ಕಾಕ ಹೋದ ಸಲ 30 ತಂದಿದ್ರು" ಎಂಬ ಮಾತು ಕೌಂಟರ್‌ನಲ್ಲಿ ನಡೆಯುವುದಿಲ್ಲ. ನಿಮ್ಮ ಟಿಕೆಟಿನಲ್ಲಿ ಬರೆದದ್ದೇ ನಿಮ್ಮ ಪಾಲು.

ಇನ್ನು ಕೆಲವು ಸಂಗತಿಗಳು. ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ಒಟ್ಟು 40 ಕೆ.ಜಿ. ಇದ್ದರೂ ಒಂದೇ ಬ್ಯಾಗ್ 32 ಕೆ.ಜಿ. ಮೀರುವಂತಿಲ್ಲ, ಅದನ್ನು ಎತ್ತಿ ಇಡುವವರ ಬೆನ್ನಿನ ಸಲುವಾಗಿ ಇಟ್ಟ ನಿಯಮ ಅದು. ಅಮೆರಿಕ, ಕೆನಡಾ ಕಡೆಗೆ ಹೋಗುವವರಿಗೆ ಕಿಲೋ ಲೆಕ್ಕಕ್ಕಿಂತ ಬ್ಯಾಗುಗಳ ಸಂಖ್ಯೆಯ ಲೆಕ್ಕ, ಒಂದೊಂದಕ್ಕೆ ಸಾಮಾನ್ಯವಾಗಿ 23 ಕೆ.ಜಿ. ಅಲ್ಲಿ ಒಂದು ಬ್ಯಾಗ್ 18, ಇನ್ನೊಂದು 28 ಎಂದರೆ ಒಟ್ಟು ಸರಿ ಇದ್ದರೂ ಎರಡನೆಯದಕ್ಕೆ ದಂಡ ಬೀಳುತ್ತದೆ.

ಕಿಲೋ ಲೆಕ್ಕದ ವಿಮಾನಗಳಲ್ಲಿ ಬಹುತೇಕ ಕಂಪನಿಗಳು ಒಂದೇ ಪಿಎನ್‌ಆರ್‌ನಲ್ಲಿ ಹೋಗುವ ಕುಟುಂಬದ ತೂಕವನ್ನು ಒಟ್ಟಿಗೆ ಲೆಕ್ಕ ಹಾಕುತ್ತವೆ. ನಾಲ್ವರಿಗೆ ತಲಾ 20 ಎಂದರೆ 80. ಒಬ್ಬರದು 24, ಇನ್ನೊಬ್ಬರದು 16 ಆದರೂ ತೊಂದರೆ ಇಲ್ಲ. ಆದ್ದರಿಂದ ಗಂಡನ ಟಿಕೆಟ್ ಒಂದು ಕಡೆ, ಹೆಂಡತಿ ಮಕ್ಕಳದು ಇನ್ನೊಂದು ಕಡೆ ಮಾಡಿಸಬೇಡಿ. ಕೂಸಿನ ಟಿಕೆಟಿಗೆ ಬೇರೆಯೇ ಲೆಕ್ಕ, ಅದನ್ನೂ ಕೇಳಿಕೊಳ್ಳಿ.

ಮುಂಬೈ ಅಥವಾ ಬೆಂಗಳೂರಿನಲ್ಲಿ ವಿಮಾನ ಬದಲಿಸುವವರು ಇನ್ನೂ ಹುಷಾರಾಗಿರಬೇಕು. ಇಡೀ ಪ್ರಯಾಣ ಒಂದೇ ಟಿಕೆಟ್ ಆದರೆ ಸಾಮಾನ್ಯವಾಗಿ ವಿದೇಶದ ಮಿತಿಯೇ ಕೊನೆತನಕ ನಡೆಯುತ್ತದೆ. ಅಗ್ಗ ಎಂದು ಎರಡು ಪ್ರತ್ಯೇಕ ಟಿಕೆಟ್ ಕೊಂಡರೆ ದೇಶದೊಳಗಿನ ವಿಮಾನಕ್ಕೆ ಅದರದ್ದೇ ಮಿತಿ, ಹೆಚ್ಚಾಗಿ 15 ಕೆ.ಜಿ. ದುಬೈಯಿಂದ 30 ಕೆ.ಜಿ. ತಂದವನು ಮುಂಬೈಯಲ್ಲಿ ಬಾಕಿ 15ಕ್ಕೆ ದುಡ್ಡು ಹುಡುಕಬೇಕಾಗುತ್ತದೆ.

ಹೆಚ್ಚುವರಿ ಕಿಲೋದ ಬೆಲೆ

ದೇಶದೊಳಗಿನ ಪ್ರಯಾಣದಲ್ಲಿ 15 ಕೆ.ಜಿ. ಮೀರಿದ ಮೇಲೆ 20ರವರೆಗೆ ಕಿಲೋಗೆ 100 ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ವಿಮಾನಯಾನ ಮಹಾನಿರ್ದೇಶನಾಲಯ 2016ರಲ್ಲಿ ಹೇಳಿತ್ತು. ಕಂಪನಿಗಳು ಕೋರ್ಟಿಗೆ ಹೋದವು. 2017ರಲ್ಲಿ ದೆಹಲಿ ಹೈಕೋರ್ಟ್ ಆ ಮಿತಿಯನ್ನು ರದ್ದು ಮಾಡಿತು. ಅಲ್ಲಿಂದ ದರ ಕಂಪನಿಗಳ ಕೈಯಲ್ಲಿದೆ. ವಿದೇಶ ಪ್ರಯಾಣದಲ್ಲೂ ಹಾಗೆಯೇ.

ನಮ್ಮ ಕೈಯಲ್ಲಿ ಉಳಿದದ್ದು ಸಮಯ. ಹೆಚ್ಚುವರಿ ತೂಕವನ್ನು 5, 10, 15 ಕೆ.ಜಿ.ಗಳ ಕಂತಿನಲ್ಲಿ ಮೊದಲೇ ಕೊಳ್ಳಬಹುದು. ಹೊರಡುವುದಕ್ಕೆ ಕೆಲವು ಗಂಟೆ ಮೊದಲಿನವರೆಗೂ ಮೊಬೈಲ್‌ನಲ್ಲೇ ಇದಕ್ಕೆ ಅವಕಾಶವಿದೆ, ಏಜೆಂಟರೂ ಮಾಡಿಕೊಡುತ್ತಾರೆ. ಹೀಗೆ ಕೊಂಡ ಕಿಲೋಗೆ ಕೌಂಟರ್‌ನ ಕಿಲೋಗಿಂತ ಕಡಿಮೆ ಬೆಲೆ. ಹಿಂದಿನ ರಾತ್ರಿ ತೂಗಿ ನೋಡಿ, ಐದು ಹೆಚ್ಚು ಬಂದರೆ ಆ ರಾತ್ರಿಯೇ ಐದು ಕೊಳ್ಳಿ.

ತೂಗಲು ದೊಡ್ಡ ಯಂತ್ರ ಬೇಡ. ಕೈಯಲ್ಲಿ ಹಿಡಿದು ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತದೆ, ಇಡೀ ಕೇರಿಗೆ ಒಂದಿದ್ದರೂ ಸಾಕು. ಇಲ್ಲವಾದರೆ ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ಬ್ಯಾಗ್ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆಯಿರಿ. ಖಾಲಿ ಸೂಟ್‌ಕೇಸೇ ನಾಲ್ಕೈದು ಕಿಲೋ ಇರುತ್ತದೆ; ನಮ್ಮವರು ರಟ್ಟಿನ ಪೆಟ್ಟಿಗೆ ನಂಬುವುದು ಸುಮ್ಮನೆ ಅಲ್ಲ. ಆದರೆ ಪೆಟ್ಟಿಗೆ ಚೌಕವಾಗಿ, ಬಿಗಿಯಾಗಿ ಇರಲಿ. ದುಬೈ ವಿಮಾನ ನಿಲ್ದಾಣ 2017ರಿಂದ ಸಮತಟ್ಟಾದ ಬದಿ ಇಲ್ಲದ, ಉರುಟಾದ ಗಂಟುಗಳನ್ನು ಸ್ವೀಕರಿಸುವುದಿಲ್ಲ. ಜಿದ್ದಾದಲ್ಲಿಯೂ ಬಟ್ಟೆಯಲ್ಲಿ ಕಟ್ಟಿದ, ಹಗ್ಗ ಬಿಗಿದ ಗಂಟಿಗೆ ಅವಕಾಶವಿಲ್ಲ.

ಬಿಡಲು ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸಬೇಡಿ. ಬ್ಯಾಗಿಗೆ ಟ್ಯಾಗ್ ಬಿದ್ದು ನೀವು ಫೋನ್ ಮಾಡುವ ತನಕ ಅವರು ಹೊರಗೆ ನಿಂತರೆ, ಹೆಚ್ಚಾದ ಅಕ್ಕಿಯಾದರೂ ಮನೆಗೆ ಮರಳುತ್ತದೆ.

ಒಂದು ಮಾತು ಹೇಳಲೇಬೇಕು. ತೂಗುವಾಗ ಬ್ಯಾಗನ್ನು ಕಾಲಿನಿಂದ ಮೆಲ್ಲಗೆ ಎತ್ತಿ ಹಿಡಿಯುವುದು, ಭಾರದ ಕೈಚೀಲವನ್ನು ಬೇರೆಯವರ ಹತ್ತಿರ ಅಡಗಿಸಿಡುವುದು ಜಾಣತನ ಎಂದು ಕೆಲವರು ಹೇಳ್ತಾರೆ. ಅಳತೆ ತೂಕದಲ್ಲಿ ವಂಚಿಸುವವರ ಬಗ್ಗೆ ಕುರ್‌ಆನಿನಲ್ಲಿ ಮುತಫ್ಫಿಫೀನ್ ಎಂಬ ಒಂದು ಸೂರವೇ ಇದೆ. ಅಂಗಡಿಯವನಿಗೆ ಅನ್ವಯಿಸುವ ಪಾಠ ಪ್ರಯಾಣಿಕನಿಗೂ ಅನ್ವಯಿಸುತ್ತದೆ.

ಬೇರೆಯವರ ಪೊಟ್ಟಣ: ಅಮಾನತ್ ಮತ್ತು ಅಪಾಯ

ತೂಕ ಹೆಚ್ಚಾದರೆ ದುಡ್ಡು ಹೋದೀತು, ಅಷ್ಟೇ. ಬ್ಯಾಗಿನಲ್ಲಿ ಇರಬಾರದ್ದು ಇದ್ದರೆ ಬದುಕೇ ಹೋದೀತು.

ನಮ್ಮ ಅಡುಗೆಮನೆಯ ಗಸಗಸೆ ಇಲ್ಲಿ ದಿನಸಿ ಅಂಗಡಿಯ ಸಾಮಾನು. ಯುಎಇಯಲ್ಲಿ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರಿದ್ದು. ಹೊನ್ನಾವರದ ವೀಳ್ಯದೆಲೆಗೆ ದೂರದೂರಿನಲ್ಲೂ ಹೆಸರಿದೆ, ಆದರೆ ಯುಎಇಗೆ ವೀಳ್ಯದೆಲೆ, ಅಡಿಕೆ ಒಯ್ಯುವಂತಿಲ್ಲ. ಇಲ್ಲಿ ವೈದ್ಯರು ಬರೆದುಕೊಡುವ ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಔಷಧಕ್ಕೆ ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಬೇಕು. ಒಣ ಕೊಬ್ಬರಿಯನ್ನು ತಾನಾಗಿ ಬೆಂಕಿ ಹಿಡಿಯಬಲ್ಲ ವಸ್ತು ಎಂದು ವಿಮಾನ ಕಂಪನಿಗಳು ಲೆಕ್ಕಿಸುತ್ತವೆ, ಚೆಕ್‌-ಇನ್ ಬ್ಯಾಗಿನಲ್ಲಿ ಹಾಕಬೇಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಉಪ್ಪಿನಕಾಯಿ, ತುಪ್ಪ, ಎಣ್ಣೆ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿನಲ್ಲಿ ಎರಡು ಮೂರು ಸುತ್ತು ಪ್ಲಾಸ್ಟಿಕ್ ಕಟ್ಟಿ ಇಡಿ.

ಉಮ್ರಾಗೆ ಹೋಗುವವರಿಗೆ: ಝಮ್‌ಝಮ್ ನೀರನ್ನು ಬ್ಯಾಗಿನ ಬಟ್ಟೆಗಳ ನಡುವೆ ಅಡಗಿಸಿ ತರುವುದನ್ನು ಸೌದಿ ವಿಮಾನಯಾನ ಪ್ರಾಧಿಕಾರ 2022ರಲ್ಲಿ ನಿಷೇಧಿಸಿದೆ. 5 ಲೀಟರಿನ ಸೀಲ್ ಮಾಡಿದ ಕ್ಯಾನ್ ಆಗಿಯೇ, ಪ್ರತ್ಯೇಕವಾಗಿ ಕೊಡಬೇಕು. ಅದು ನಿಮ್ಮ ಕಿಲೋ ಲೆಕ್ಕದ ಒಳಗೋ ಹೊರಗೋ ಎಂದು ತಂಡದ ಅಮೀರರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಈಗ ಪಕ್ಕದ ಮನೆಯ ಪೊಟ್ಟಣಕ್ಕೆ ಬರೋಣ. ಅಮಾನತ್ ಮುಟ್ಟಿಸುವುದು ದೊಡ್ಡ ಕೆಲಸ. ಪ್ರವಾದಿಯವರು ಮಕ್ಕಾ ಬಿಟ್ಟು ಹಿಜ್ರಾ ಹೊರಟಾಗ, ತಮ್ಮ ಬಳಿ ಜನ ಇಟ್ಟಿದ್ದ ಅಮಾನತ್‌ಗಳನ್ನು ಒಡೆಯರಿಗೆ ಹಿಂದಿರುಗಿಸಲು ಅಲಿಯವರನ್ನು ಅಲ್ಲೇ ಬಿಟ್ಟು ಹೋದದ್ದು ಮದರಸದ ಮಕ್ಕಳಿಗೂ ಗೊತ್ತು. ಆದರೆ ಏನೆಂದು ಗೊತ್ತಿಲ್ಲದ ವಸ್ತುವನ್ನು ಹೊತ್ತುಕೊಳ್ಳುವುದು ಅಮಾನತ್ ಅಲ್ಲ, ಕುರುಡು ನಂಬಿಕೆ. ಬ್ಯಾಗಿನ ಟ್ಯಾಗ್ ನಿಮ್ಮ ಹೆಸರಿನಲ್ಲಿರುತ್ತದೆ. ಒಳಗೆ ಸಿಕ್ಕಿದ್ದಕ್ಕೆಲ್ಲ ಉತ್ತರ ಹೇಳಬೇಕಾದವರೂ ನೀವೇ. "ನನಗೆ ಗೊತ್ತಿರಲಿಲ್ಲ, ಕೊಟ್ಟವರು ಹಲ್ವಾ ಅಂದಿದ್ರು" ಎಂಬ ಮಾತಿಗೆ ಪರದೇಶದ ಕಸ್ಟಮ್ಸ್‌ನಲ್ಲಿ ಬೆಲೆ ಇಲ್ಲ. ಸೌದಿಯಲ್ಲಿ ಮಾದಕ ವಸ್ತು ಸಾಗಣೆಗೆ ಮರಣದಂಡನೆಯವರೆಗೂ ಶಿಕ್ಷೆ ಇದೆ.

ಹಾಗಾಗಿ ಒಂದು ಪದ್ಧತಿ ಮಾಡಿಕೊಳ್ಳೋಣ. ಪೊಟ್ಟಣ ಕೊಡುವವರು ಬಿಚ್ಚಿಯೇ ತರಲಿ. ಒಯ್ಯುವವರು ಅವರ ಎದುರಲ್ಲೇ ನೋಡಿ, ತೂಗಿ, ತಾವೇ ಕಟ್ಟಲಿ. ಕೊಟ್ಟವರ, ಪಡೆಯುವವರ ಫೋನ್ ನಂಬರ್ ಬರೆದಿಟ್ಟುಕೊಳ್ಳಲಿ. ಔಷಧಿಗೆ ಡಾಕ್ಟರ ಚೀಟಿ ಬೇಕೇ ಬೇಕು. ಗುರುತು ಪರಿಚಯವಿಲ್ಲದವರು ವಿಮಾನ ನಿಲ್ದಾಣದಲ್ಲಿ ಕೊಡಬಂದರೆ ಕೈಯೂ ಮುಟ್ಟಿಸಬೇಡಿ. ಬಿಚ್ಚಿ ನೋಡಿದರೆ ನೆರೆಯವರಿಗೆ ಬೇಸರ ಆಗ್ತದೆ ಎಂದು ಹಿಂಜರಿಯಬೇಡಿ ಮಾರಾಯ್ರೆ. ಇದು ಎಲ್ಲರೂ ಪಾಲಿಸುವ ಪದ್ಧತಿ ಎಂದಾದರೆ ಯಾರಿಗೂ ಬೇಸರವಾಗುವುದಿಲ್ಲ.

ಬ್ಯಾಗ್ ಬರದಿದ್ದರೆ

ಪಟ್ಟಿಯ ಮೇಲೆ ನಿಮ್ಮ ಬ್ಯಾಗ್ ಬರಲಿಲ್ಲ, ಇಲ್ಲವೇ ಒಡೆದು ಬಂತು ಎಂದರೆ ಹಾಲ್ ಬಿಟ್ಟು ಹೊರಗೆ ಹೋಗುವ ಮೊದಲೇ ಅಲ್ಲಿನ ಕೌಂಟರ್‌ನಲ್ಲಿ 'ಪಿಐಆರ್' ಎಂಬ ದೂರು ಬರೆಸಿ, ಪ್ರತಿ ಪಡೆಯಿರಿ. ಕುಮಟಾ ಮುಟ್ಟಿದ ಮೇಲೆ ಫೋನಿನಲ್ಲಿ ಹೇಳಿದರೆ ಪ್ರಯೋಜನ ಕಡಿಮೆ. ಭಾರತ ಸೇರಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಸಿಕ್ಕಿದರೆ ಸಿಕ್ಕಿದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 21 ದಿನ ಕಳೆದರೂ ಬರದ ಬ್ಯಾಗನ್ನು ಕಳೆದುಹೋದದ್ದು ಎಂದು ಪರಿಗಣಿಸಿ ಪರಿಹಾರ ಕೇಳಬಹುದು. ಒಬ್ಬ ಪ್ರಯಾಣಿಕನಿಗೆ ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ 1519 ಎಸ್‌ಡಿಆರ್, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗಿಂತ ಹೆಚ್ಚು. ಅಷ್ಟೂ ತಾನಾಗಿ ಸಿಗುವುದಿಲ್ಲ, ನಷ್ಟ ಎಷ್ಟೆಂದು ತೋರಿಸಬೇಕು. ಬಿಲ್ಲುಗಳು, ಬ್ಯಾಗಿನ ಫೋಟೊ, ಟ್ಯಾಗಿನ ಚೂರು ಇದಕ್ಕೇ ಬೇಕಾಗುವುದು. ಚಿನ್ನ, ನಗದು, ಸರ್ಟಿಫಿಕೇಟುಗಳನ್ನು ಮಾತ್ರ ಚೆಕ್‌-ಇನ್ ಬ್ಯಾಗಿನಲ್ಲಿ ಯಾವತ್ತೂ ಇಡಬೇಡಿ.

ಮೈಲು, ಪಾಯಿಂಟು: ಯಾರಿಗೆ ಲಾಭ?

ಪದೇ ಪದೇ ಹಾರುವವರಿಗೆ ಕಂಪನಿಗಳು ಪಾಯಿಂಟು ಕೊಡುತ್ತವೆ. ಏರ್ ಇಂಡಿಯಾದ ಮಹಾರಾಜ ಕ್ಲಬ್, ಇಂಡಿಗೋದ ಬ್ಲೂಚಿಪ್, ಎಮಿರೇಟ್ಸ್‌ನ ಸ್ಕೈವಾರ್ಡ್ಸ್ ಇಂಥವು. ಸೇರಲು ದುಡ್ಡಿಲ್ಲ. ಬೆಳ್ಳಿ, ಚಿನ್ನ ಎಂದು ಮೆಟ್ಟಿಲು ಹತ್ತಿದಂತೆ ತೂಕವೂ ಸಿಗುತ್ತದೆ: ಎಮಿರೇಟ್ಸ್‌ನಲ್ಲಿ ಕಿಲೋ ಲೆಕ್ಕದ ದಾರಿಗಳಲ್ಲಿ ಬೆಳ್ಳಿ ಸದಸ್ಯರಿಗೆ 12, ಚಿನ್ನದವರಿಗೆ 16 ಕೆ.ಜಿ. ಹೆಚ್ಚು. ಆದರೆ ಬೆಳ್ಳಿ ಮೆಟ್ಟಿಲಿಗೇ 25,000 ಟಿಯರ್ ಮೈಲು ಬೇಕು. ವ್ಯಾಪಾರಕ್ಕಾಗಿ ತಿಂಗಳು ತಿಂಗಳು ಓಡಾಡುವವರಿಗೆ ಅದು ಸಾಧ್ಯ, ಎರಡು ವರ್ಷಕ್ಕೊಮ್ಮೆ ಬರುವ ಕಾರ್ಮಿಕನಿಗೆ ಅಲ್ಲ. ಅವನು ಪಾಯಿಂಟಿನ ಆಸೆಗೆ ಹೆಚ್ಚು ದರದ ಟಿಕೆಟ್ ಕೊಳ್ಳುವುದು ನಷ್ಟ.

ಸೇರುವುದಾದರೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಕೊಡಿ. ಟಿಕೆಟ್ ಮಾಡಿಸುವಾಗಲೇ ಸದಸ್ಯ ಸಂಖ್ಯೆ ಹಾಕಿಸಿ, ಪಾಯಿಂಟು ಜಮೆಯಾಗುವ ತನಕ ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಮೈಲು ಸಿಗುತ್ತದೆ ಎಂದು ಕ್ರೆಡಿಟ್ ಕಾರ್ಡ್ ಹಿಡಿದು, ಬಿಲ್ ತಡವಾಗಿ ಬಡ್ಡಿ ಕಟ್ಟುವಂತಾದರೆ ದುಡ್ಡೂ ಹೋಯಿತು, ದೀನಿಗೂ ಕೇಡು.

ಕೊನೆಗೆ ನಮ್ಮ ಮಸೀದಿ ಕಮಿಟಿಗಳಿಗೆ ಒಂದು ಮನವಿ. ಉಮ್ರಾ ತಂಡ ಹೊರಡುವ ಮೊದಲು, ರಜೆ ಮುಗಿದು ಹುಡುಗರು ಮರಳುವ ಸಮಯದಲ್ಲಿ, ಇಶಾ ನಮಾಝಿನ ನಂತರ ಅರ್ಧ ಗಂಟೆ ಈ ವಿಷಯಕ್ಕೆ ಕೊಡಿ. ಹತ್ತು ಸಲ ಹೋಗಿ ಬಂದವರು ಎಲ್ಲ ಜಮಾಅತಿನಲ್ಲೂ ಇದ್ದಾರೆ, ಅವರೇ ಹೇಳಿಕೊಡಲಿ. ಮಸೀದಿಯಲ್ಲಿ ಒಂದು ತಕ್ಕಡಿಯೂ ಇರಲಿ. ಅಲ್ಲಾಹನು ಎಲ್ಲರ ಪ್ರಯಾಣವನ್ನು ಸುಗಮಗೊಳಿಸಲಿ, ಆಮೀನ್.