ಚಿನ್ನದ ಸರ, ಕೊಳಕು ಪಾದ ಮತ್ತು ಕೋರ್ಟು: ಕಾರವಾಜೊನಿಂದ ಕೆಂಡ್ರಿಕ್‌ವರೆಗೆ

1603ರ ಮಾತು. ರೋಮ್ ನಗರದ ಚಿತ್ರಕಾರರ ನಡುವೆ ಎರಡು ಪದ್ಯಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಗುರಿ, ಜೊವಾನಿ ಬಾಲ್ಯೋನೆ ಎಂಬ ಚಿತ್ರಕಾರ. ಇವನ ಚಿತ್ರಗಳು ಕೆಲಸಕ್ಕೆ ಬಾರದವು, ಕಾರ್ಡಿನಲ್ ಒಬ್ಬರು ಮೆಚ್ಚಿ ಕೊಟ್ಟ ಚಿನ್ನದ ಸರವನ್ನು ಕೊರಳಿಗೆ ಹಾಕಿಕೊಳ್ಳುವ ಯೋಗ್ಯತೆ ಇವನಿಗಿಲ್ಲ ಎಂಬುದು ಪದ್ಯಗಳ ಸಾರ. ಉಳಿದ ಬೈಗುಳಗಳನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಬಾಲ್ಯೋನೆ ಮಾನನಷ್ಟ ಮೊಕದ್ದಮೆ ಹೂಡಿದ. ಆರೋಪಿಗಳ ಸಾಲಿನಲ್ಲಿ ಆ ಕಾಲದ ರೋಮಿನ ಹೆಸರುವಾಸಿ ಕಲಾವಿದ ಕಾರವಾಜೊ ಇದ್ದ. ಸುಮಾರು ಎರಡು ವಾರ ಜೈಲಿನಲ್ಲಿ ಕಳೆದು ಹೊರಬಂದ.

ಎದುರಾಳಿ, ಚಿನ್ನದ ಸರ, ಪ್ರಾಸ ಕೂಡಿಸಿದ ಬೈಗುಳ, ಕೊನೆಗೆ ಕೋರ್ಟು. ಕಾಲೇಜು ದಿನಗಳಿಂದ ಹಿಪ್‌ಹಾಪ್ ಕೇಳುತ್ತ ಬಂದ ನನಗೆ ಈ ಕಥೆ ತೀರಾ ಪರಿಚಿತ ಎನಿಸಿತು.

ಹಿಪ್‌ಹಾಪ್ ಮತ್ತು ಚಿತ್ರಕಲೆ ಎಂದಾಗ ಸಾಮಾನ್ಯವಾಗಿ ಬರುವ ಹೆಸರು ಜಾನ್ ಮಿಶೆಲ್ ಬಾಸ್ಕಿಯಾನದು. ನ್ಯೂಯಾರ್ಕಿನ ಗೋಡೆಗಳ ಮೇಲೆ ಬರೆಯುತ್ತ ಶುರುಮಾಡಿದವನು, 1983ರಲ್ಲಿ 'ಬೀಟ್ ಬಾಪ್' ಎಂಬ ರ‍್ಯಾಪ್ ರೆಕಾರ್ಡಿಗೆ ತಾನೇ ಮುಖಪುಟ ಬರೆದವನು, 1988ರಲ್ಲಿ 27ನೇ ವಯಸ್ಸಿಗೆ ತೀರಿಕೊಂಡವನು. ಆದರೆ ಬಾಸ್ಕಿಯಾ ಹಿಪ್‌ಹಾಪ್ ಮನೆಯೊಳಗಿನವನೇ. ಅಲ್ಲಿ ಹೋಲಿಕೆ ಹುಡುಕುವ ಕಷ್ಟವಿಲ್ಲ. 400 ವರ್ಷ ಹಿಂದಿನ ಕಾರವಾಜೊನ ಪಕ್ಕದಲ್ಲಿ ಇಂದಿನ ರ‍್ಯಾಪರ್‌ನನ್ನು ನಿಲ್ಲಿಸಿದಾಗ ಕಾಣುವುದೇ ಬೇರೆ.

ಬೈಗುಳದ ಪೈಪೋಟಿ

ರ‍್ಯಾಪ್‌ನಲ್ಲಿ ಎದುರಾಳಿಯನ್ನು ಹಾಡಿನಲ್ಲೇ ಹೀಯಾಳಿಸುವುದು ಹಳೆಯ ಪದ್ಧತಿ. ಉತ್ತರ ಕರ್ನಾಟಕದ ಕಡೆಯವರಿಗೆ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬು ನೆನಪಾದರೆ ಅರ್ಥವಾಗುವುದು ಸುಲಭ. 2024ರಲ್ಲಿ ಕೆಂಡ್ರಿಕ್ ಲಮಾರ್ ಮತ್ತು ಡ್ರೇಕ್ ನಡುವೆ ನಡೆದದ್ದು ಈಚಿನ ದೊಡ್ಡ ಕಾಳಗ. ಮೇ ತಿಂಗಳಲ್ಲಿ ಬಂದ ಕೆಂಡ್ರಿಕ್‌ನ 'ನಾಟ್ ಲೈಕ್ ಅಸ್' ಹಾಡು ಮರುವರ್ಷ ಐದು ಗ್ರ್ಯಾಮಿ ಪ್ರಶಸ್ತಿ ಗೆದ್ದಿತು. ಡ್ರೇಕ್ ಮೊಕದ್ದಮೆ ಹೂಡಿದ್ದು ಕೆಂಡ್ರಿಕ್ ಮೇಲಲ್ಲ, ಇಬ್ಬರ ಹಾಡುಗಳನ್ನೂ ಹೊರತರುವ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಮೇಲೆ. 2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಅದನ್ನು ವಜಾ ಮಾಡಿದರು. ಬಿಸಿಯೇರಿದ ರ‍್ಯಾಪ್ ಕಾಳಗದಲ್ಲಿ ಬರುವ ಮಾತನ್ನು ಕೇಳುಗರು ನಿಜಸಂಗತಿಯೆಂದು ತೆಗೆದುಕೊಳ್ಳುವುದಿಲ್ಲ, ಅದು ಅಭಿಪ್ರಾಯ ಮಾತ್ರ ಎಂಬುದು ತೀರ್ಪಿನ ತಿರುಳು.

ಕಾರವಾಜೊ ಕೂಡ ವಿಚಾರಣೆಯಲ್ಲಿ ಪದ್ಯಗಳಿಗೂ ತನಗೂ ಸಂಬಂಧವಿಲ್ಲ ಎಂದ. ಆದರೆ ಸುಮ್ಮನಿರಲಿಲ್ಲ. ಬಾಲ್ಯೋನೆಯನ್ನು ಒಳ್ಳೆಯ ಚಿತ್ರಕಾರನೆಂದು ಒಪ್ಪುವ ಒಬ್ಬನೇ ಒಬ್ಬ ಚಿತ್ರಕಾರನನ್ನು ತಾನು ಕಂಡಿಲ್ಲ ಎಂದು ನ್ಯಾಯಾಲಯದಲ್ಲೇ ಹೇಳಿದ! ಬಾಲ್ಯೋನೆಯೂ ಕಡಿಮೆಯವನಲ್ಲ. ಅವನ ಒಂದು ಚಿತ್ರದಲ್ಲಿರುವ ಸೈತಾನನಿಗೆ ಕಾರವಾಜೊನದೇ ಮುಖವಿದೆ ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಇನ್ನೂ ವಿಚಿತ್ರವೆಂದರೆ ಇದೇ ಬಾಲ್ಯೋನೆ 1642ರಲ್ಲಿ ಪ್ರಕಟಿಸಿದ ಕಲಾವಿದರ ಜೀವನಚರಿತ್ರೆಗಳ ಪುಸ್ತಕ, ಕಾರವಾಜೊನ ಬಗ್ಗೆ ತಿಳಿಯಲು ನಮಗಿರುವ ಮುಖ್ಯ ಆಧಾರಗಳಲ್ಲಿ ಒಂದು.

ಬೀದಿಯ ಜನ, ದೇವರ ಗುಡಿ

ಕಾರವಾಜೊ ಮೊದಲೇ ನಕ್ಷೆ ಬರೆದುಕೊಳ್ಳುತ್ತಿದ್ದವನಲ್ಲ. ಕಣ್ಣೆದುರು ಜನರನ್ನು ಕೂರಿಸಿಕೊಂಡು ನೇರವಾಗಿ ಕ್ಯಾನ್ವಾಸಿನ ಮೇಲೆ ಬಣ್ಣ ಹಚ್ಚುತ್ತಿದ್ದ. ಅವನ ಸಂತರು ರೋಮಿನ ಬೀದಿಯಲ್ಲಿ, ಹೆಂಡದಂಗಡಿಯಲ್ಲಿ ಕಾಣಸಿಗುವಂಥ ಜನ. ಸಂತ ಅಗಸ್ಟೀನನ ಚರ್ಚಿನಲ್ಲಿ ಇಂದಿಗೂ ಇರುವ ಅವನ ಮಾತೆ ಮರಿಯಳ ಚಿತ್ರದಲ್ಲಿ ಇಬ್ಬರು ಬಡ ಯಾತ್ರಿಕರು ಮೊಣಕಾಲೂರಿದ್ದಾರೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದು ನಡೆದು ನಡೆದು ಮಣ್ಣಾದ ಅವರ ಪಾದಗಳು. ಮರಿಯಳ ಮರಣದ ಚಿತ್ರವನ್ನಂತೂ ಚರ್ಚಿನವರೇ ಬೇಡವೆಂದರು. ಊದಿಕೊಂಡ ದೇಹ, ಬರಿಗಾಲು. ದೇವಮಾತೆಯನ್ನು ಸಾಮಾನ್ಯ ಹೆಣದಂತೆ ತೋರಿಸುವುದೆ ಎಂಬ ಸಿಟ್ಟು. ಇನ್ನೊಬ್ಬ ದೊಡ್ಡ ಚಿತ್ರಕಾರ ರೂಬೆನ್ಸ್ ಶಿಫಾರಸು ಮಾಡಿದ್ದರಿಂದ ಮಾಂಟುವಾದ ಡ್ಯೂಕ್ ಅದನ್ನು ಕೊಂಡ. ಈಗ ಅದು ಪ್ಯಾರಿಸಿನ ಲೂವ್ರ್‌ನಲ್ಲಿದೆ.

ಹಿಪ್‌ಹಾಪ್ ಕೇಳಿದ್ದೂ ಇದೇ ಆಕ್ಷೇಪವನ್ನು. ಬಂದೂಕು, ಮಾದಕ ದ್ರವ್ಯ, ಬೈಗುಳ, ಇದೂ ಒಂದು ಹಾಡೆ? ಎಲ್ಲ ರ‍್ಯಾಪನ್ನೂ ನಾನು ಸಮರ್ಥಿಸುವುದಿಲ್ಲ. ಹೆಂಗಸರ ಬಗ್ಗೆ ಬರುವ ಎಷ್ಟೋ ಸಾಲುಗಳನ್ನು ಕೇಳಲಾಗದೆ ಹಾಡು ಬದಲಾಯಿಸುತ್ತೇನೆ. ಆದರೆ ಕೆಂಡ್ರಿಕ್ 2012ರ ಆಲ್ಬಂನಲ್ಲಿ ತಾನು ಬೆಳೆದ ಕಾಂಪ್ಟನ್ ಊರನ್ನು ಹಾಡಿದ್ದು ಆ ಮಣ್ಣಾದ ಪಾದಗಳನ್ನು ತೋರಿಸಿದಂತೆಯೇ. 2018ರಲ್ಲಿ ಅವನ 'ಡ್ಯಾಮ್' ಆಲ್ಬಂಗೆ ಪುಲಿಟ್ಜರ್ ಬಂತು. ಅಲ್ಲಿಯವರೆಗೆ ಆ ಸಂಗೀತ ಪ್ರಶಸ್ತಿ ಶಾಸ್ತ್ರೀಯ ಮತ್ತು ಜಾಝ್ ಸಂಗೀತದ ಗೆರೆ ದಾಟಿರಲಿಲ್ಲ.

ಕಲೆಯೇ ಸಾಕ್ಷಿಯಾದಾಗ

1606ರಲ್ಲಿ ಕಾರವಾಜೊ ಒಬ್ಬನನ್ನು ಕೊಂದ. ಮರಣದಂಡನೆ ಘೋಷಣೆಯಾಯಿತು. ನೇಪಲ್ಸ್, ಮಾಲ್ಟಾ, ಸಿಸಿಲಿ ಎಂದು ಓಡಾಡಿ 1610ರಲ್ಲಿ ತೀರಿಕೊಂಡ, 38ನೇ ವಯಸ್ಸಿಗೆ. ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಕೊನೆಗಾಲದ ಚಿತ್ರವೊಂದರಲ್ಲಿ ಬಾಲಕ ಡೇವಿಡ್ ರಾಕ್ಷಸ ಗೊಲಿಯಾತನ ಕಡಿದ ತಲೆಯನ್ನು ಕೂದಲು ಹಿಡಿದು ನೇತಾಡಿಸಿದ್ದಾನೆ. ಆ ತಲೆ ಕಾರವಾಜೊನದೇ. ಇಂದು ಅದರ ಮುಂದೆ ನಿಂತವರು ಪಶ್ಚಾತ್ತಾಪ, ಮರಣಭಯ, ಕಲೆಯ ಆಳ ಎಂದೆಲ್ಲ ಮಾತಾಡುತ್ತಾರೆ. ಕೊಲೆಗೆ ಇದು ಪುರಾವೆ ಎಂದು ಯಾರೂ ಹೇಳುವುದಿಲ್ಲ.

ರ‍್ಯಾಪರ್‌ಗೆ ಆ ವಿನಾಯಿತಿ ಇಲ್ಲ. ಅಟ್ಲಾಂಟಾದ ಯಂಗ್ ಥಗ್ ಮೇಲೆ 2022ರಲ್ಲಿ ಗ್ಯಾಂಗ್ ಮೊಕದ್ದಮೆ ದಾಖಲಾಯಿತು. ಅವನ ಹಾಡಿನ ಸಾಲುಗಳನ್ನು ಷರತ್ತಿನ ಮೇಲೆ ಸಾಕ್ಷ್ಯವಾಗಿ ಬಳಸಲು ಮರುವರ್ಷ ನ್ಯಾಯಾಧೀಶರು ಒಪ್ಪಿದರು. 2024ರಲ್ಲಿ ಅವನು ತಪ್ಪೊಪ್ಪಿಕೊಂಡು ಬಿಡುಗಡೆಯಾದ. ಅವನು ಏನು ಮಾಡಿದ್ದ ಎಂಬುದು ಇಲ್ಲಿ ನನ್ನ ಪ್ರಶ್ನೆಯಲ್ಲ. ಅಪರಾಧವನ್ನು ಸಾಬೀತು ಮಾಡಬೇಕಾದದ್ದು ನಡೆದ ಘಟನೆಯೋ, ಹಾಡಿನ ಪ್ರಾಸವೋ? ಹೀಗೆ ಸಿಕ್ಕಿಕೊಳ್ಳುವವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು. ಕಾರವಾಜೊನಿಗಿದ್ದಂತೆ ಕಾಪಾಡಲು ಕಾರ್ಡಿನಲ್‌ಗಳು ಅವರಿಗಿಲ್ಲ. ಕ್ಯಾಲಿಫೋರ್ನಿಯಾ 2022ರಲ್ಲಿ ಇಂಥ ಬಳಕೆಗೆ ಮಿತಿ ಹಾಕುವ ಕಾನೂನು ತಂದದ್ದು ಈ ಕಾರಣಕ್ಕೇ.

ಕೆಂಡ್ರಿಕ್‌ನ 2012ರ ಆಲ್ಬಂನಲ್ಲೇ 'ಸಿಂಗ್ ಅಬೌಟ್ ಮಿ, ಐ ಆಮ್ ಡೈಯಿಂಗ್ ಆಫ್ ಥರ್ಸ್ಟ್' ಎಂಬ ಹನ್ನೆರಡು ನಿಮಿಷದ ಹಾಡಿದೆ. ಮೊದಲ ಭಾಗದಲ್ಲಿ 'ನಾನು' ಎಂದು ಮಾತಾಡುವವನು ಕೆಂಡ್ರಿಕ್ ಅಲ್ಲ. ಸತ್ತ ಗೆಳೆಯನೊಬ್ಬನ ಸಹೋದರ. ಸೇಡಿನ ಬದುಕಿನಿಂದ ಹೊರಬರಲಾಗದವನು. ಅವನ ಮಾತು ಗುಂಡಿನ ಸದ್ದಿಗೆ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ 'ನಾನು' ಒಬ್ಬ ಹೆಣ್ಣು. ತನ್ನ ಅಕ್ಕತಂಗಿಯ ಕಥೆಯನ್ನು ಹಾಡಾಗಿಸಿದ್ದಕ್ಕೆ ಅವಳಿಗೆ ಕೆಂಡ್ರಿಕ್ ಮೇಲೆಯೇ ಕೋಪ. ಇದರಲ್ಲಿ ಯಾವ 'ನಾನು'ವನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳುತ್ತೀರಿ?

ಮನೆಯಲ್ಲಿ ಹದಿಹರೆಯದ ಮಕ್ಕಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದರೆ, ಒಮ್ಮೆ ಈ ಹಾಡನ್ನು ಅವರ ಜೊತೆ ಕೂತು ಕೇಳಿ. ಪಕ್ಕದಲ್ಲಿ ಫೋನಿನ ಮೇಲೆ ಆ ಗೊಲಿಯಾತನ ತಲೆಯ ಚಿತ್ರ ತೆರೆದಿರಲಿ. ನಿಮಗೆ ಎರಡೂ ಇಷ್ಟವಾಗದಿರಬಹುದು. ಆದರೆ ಒಂದನ್ನು ಕಲೆ ಎಂದು ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಕೇಳುವ ಮೊದಲೇ ಪೊಲೀಸ್ ಫೈಲಿಗೆ ಸೇರಿಸುವುದು ನ್ಯಾಯವಲ್ಲ.